ಬೆಂಕಿಗೊಂದು ಗಂಟು

"ಅತ್ತಿ, ಬಣವಿಗೆ ಬೆಂಕಿ ಹತ್ತಿದ್ರ ಮೊದ್ಲು ಏನ್ ಗಂಟು ಕಟ್ಲಿ?" "ಪಹಣಿ ಕಟ್ಟವ್ವ. ಮನಿ ಸುಟ್ಟೈತಿ ಅಂತ ಬರೇ ಬೂದಿ ತೋರ್ಸಿದ್ರ ಆಫೀಸಿನ್ಯಾಗ ನಂಬಂಗಿಲ್ಲ." ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯ ಈ ಅತ್ತೆಯ ಮಾತಿನಲ್ಲಿ ತೂಕವಿದೆ. ಕಾಡ್ಗಿಚ್ಚಿಗೆ ಮನೆ ಬಿಡುವ ಕ್ಯಾಲಿಫೋರ್ನಿಯಾದವರಿಗೆ ಕೊಡುವ ಪಟ್ಟಿಯಲ್ಲೂ ಜನ, ಸಾಕುಪ್ರಾಣಿ, ಔಷಧದ ಜೊತೆ ಕಾಗದಪತ್ರಕ್ಕೆ ಜಾಗವಿದೆ. ಆದರೆ ಈ ತಾಲ್ಲೂಕಿನ ಗಂಟಿನ ಭಾರವೇ ಬೇರೆ. ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಸಂವಿಧಾನದ 371ಜೆ ವಿಧಿಯ ವಿಶೇಷ ಸವಲತ್ತಿಗಾಗಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹೊಸ್ತಿಲು ದಾಟದೆ ಮೂರು ಜಿಲ್ಲೆ ಕಂಡ ಸಂಸಾರ ಯಾವ ವಿಳಾಸದ ಕಾಗದವನ್ನು ಬಿಟ್ಟು ಓಡಬೇಕು?

"ಪಹಣಿ 'ಭೂಮಿ' ಕಂಪ್ಯೂಟರಿನ್ಯಾಗ ಐತಿ, ಆಧಾರ್ ಮೊಬೈಲಿನ್ಯಾಗ ಐತಿ, ಮತ್ಯಾಕ್ರೀ ಹೊರೋದು?" ಸೊಸೆಯ ಆಕ್ಷೇಪ ಸರಿಯೇ. ಮತ್ತೆ ಅಚ್ಚು ಹಾಕಿಸಬಹುದಾದ್ದನ್ನು ಹೊರುವುದು ದಂಡ. ಆದರೆ ಕಟ್ಟಿದಲ್ಲೇ ಸುಟ್ಟ ಎಮ್ಮೆಯನ್ನು ಯಾವ ಸರ್ವರೂ ಮರಳಿ ಕೊಡದು. ಬೇಸಿಗೆಯ ಗಾಳಿಗೆ ಮೆಕ್ಕೆಜೋಳದ ಸೊಪ್ಪೆ ಹತ್ತಿಕೊಂಡರೆ ತಾಲ್ಲೂಕು ಕೇಂದ್ರದಿಂದ ಬರುವ ಫೈರ್ ಇಂಜಿನ್‌ಗೆ ಬೆಂಕಿ ಕಾಯುವುದಿಲ್ಲ. ಆದ್ದರಿಂದ ಮೊದಲು ದನದ ಕಣ್ಣಿ ಬಿಚ್ಚಬೇಕು, ಆಮೇಲೆ ಮುದುಕರ ಬಿಪಿ ಮಾತ್ರೆ, ಕಾಗದ ಕೊನೆಗೆ. ಅತ್ತೆ ಒಪ್ಪಲಿಲ್ಲ: "ಎಮ್ಮಿ ಬದುಕಿದ್ರ ಪರಿಹಾರ ಯಾರ್ ಕೊಡ್ತಾರವ್ವ?"