ಉಮೇದುವಾರಿಕೆಯಿಂದ ಉಪದೇಶವೃತ್ತಿಗೆ: ಒಂದು ಸಂಧಿಪ್ರಕರಣ

ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಇಂಟರ್ನ್‌ಶಿಪ್ ಎಂಬ ಉಮೇದುವಾರಿಕೆಯನ್ನು ಮುಗಿಸಿದ ತರುಣನು ಕನ್ಸಲ್ಟಿಂಗ್ ಎಂಬ ಉಪದೇಶವೃತ್ತಿಯನ್ನು ಸೇರುವ ಕ್ರಿಯೆಯು ಸಂಧಿಯೋ ಸಮಾಸವೋ ಎಂಬ ಜಿಜ್ಞಾಸೆಯನ್ನು ನಮ್ಮ ವೈಯಾಕರಣರಾರೂ ಎತ್ತಿಕೊಳ್ಳದಿರುವುದರಿಂದ, ಆ ಭಾರವು ಗದಗಿನ ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರುಷ ಕೀರ್ದಿ ಖತಾವಣಿ ಬರೆದ ದಿವಾನಜಿಯೂ, ಅಂತಹ ತರುಣನೊಬ್ಬನ ಸೋದರಮಾವನೂ ಆದ ಈ ಬೆಟಗೇರಿಯ ಅಲ್ಪಜ್ಞನ ಮೇಲೆ ಬಿದ್ದಿದೆ.

ಸಮಾಸವೆಂಬುದು ಪೂರ್ವಪಕ್ಷ. ಅದರಲ್ಲಿಯೂ ಬಹುವ್ರೀಹಿಯೆಂದು ವಾದಿಸುವವರಿಗೆ ಬಲವಿಲ್ಲದೆ ಇಲ್ಲ. ಅಲ್ಲಿ ಎರಡು ಪದಗಳ ಅರ್ಥವೂ ಹಿಂದೆ ಸರಿದು ಅನ್ಯಪದಾರ್ಥವೇ, ಎಂದರೆ ಪ್ರಕೃತದಲ್ಲಿ ಸಂಬಳವೇ, ಪ್ರಧಾನವಾಗುವುದು. ಬಹುವ್ರೀಹಿ ಎಂಬ ಮಾತಿಗಾದರೂ ಬಹಳ ಭತ್ತವುಳ್ಳವನೆಂದೇ ಅರ್ಥ. ಆದರೂ ಸಂಧಿಯ ಲಕ್ಷಣಗಳೇ ಇಲ್ಲಿ ಅಧಿಕವಾಗಿ ತೋರುತ್ತವೆ. ಮುಂಬಯಿಯ ಹತ್ತು ವಾರಗಳಲ್ಲಿ ಹುಡುಗನಿಗೆ ನಿದ್ರೆಯೂ ಆದಿತ್ಯವಾರವೂ ಲೋಪವಾದವು. ಕನ್ನಡಕವೂ ಎದೆಯುರಿಯೂ ಆಗಮವಾದವು. ಮುಂದೆ ಬೆಂಗಳೂರಿಗೆ ಬಂದ ಮೇಲೆ 'ರೊಕ್ಕ' ಎಂಬಲ್ಲಿ 'ಮೌಲ್ಯ'ವೂ, 'ಆಳು ಬಿಡಿಸುವುದು' ಎಂಬಲ್ಲಿ 'ಪುನಾರಚನೆ'ಯೂ ಆದೇಶವಾಗಿ ಬಂದವು.

ವೀರನಾರಾಯಣನ ಗುಡಿಯ ಕಂಬದ ಬಳಿ ಕುಮಾರವ್ಯಾಸನು ಒದ್ದೆ ಬಟ್ಟೆಯುಟ್ಟು ಕುಳಿತು, ಅದು ಆರುವವರೆಗೆ ಮಾತ್ರ ಕಾವ್ಯ ಬರೆಯುತ್ತಿದ್ದನೆಂಬ ಐತಿಹ್ಯವನ್ನು ನಮ್ಮೂರಿನಲ್ಲಿ ಅರಿಯದವರಿಲ್ಲ. ನಮ್ಮ ಹುಡುಗನಾದರೋ ಅಂಗಿ ಆರಿ, ಶೀತಯಂತ್ರದ ಗಾಳಿಗೆ ಮೈ ಮರಗಟ್ಟಿದ ಮೇಲೆಯೂ, ಇರುಳಿನ ಎರಡು ಗಂಟೆಯಲ್ಲಿ, ಎರಡು ಕಂಪನಿಗಳ ವಿಲೀನವನ್ನು ಕುರಿತ ಒಂದೇ ಪುಟವನ್ನು 17 ಸಲ ಅಳಿಸಿ ಬರೆಯುತ್ತಿದ್ದನು. ಆ ವಿಲೀನವು ಕಡೆಗೂ ನಡೆಯಲಿಲ್ಲ.

ಈ ಸ್ಥಿತ್ಯಂತರದ ಆದ್ಯ ಪುರುಷನು ಮದ್ರದೇಶದ ಶಲ್ಯನೆಂಬುದು ನನ್ನ ಮತ. ಅವನೂ ಸೋದರಮಾವನೇ. ಅಳಿಯಂದಿರಾದ ಪಾಂಡವರಿಗಾಗಿ ಸೈನ್ಯಸಮೇತ ಹೊರಟವನು, ದಾರಿಯಲ್ಲಿ ಕೌರವನು ಗುಟ್ಟಾಗಿ ಏರ್ಪಡಿಸಿದ್ದ ಭೋಜನಸತ್ಕಾರಕ್ಕೆ ಸೋತು ಎದುರುಪಕ್ಷವನ್ನು ಸೇರಿ, ಕರ್ಣನ ರಥವನ್ನೇರಿ, ಕುದುರೆಗಳಿಗಿಂತ ಹೆಚ್ಚಾಗಿ ನಾಲಗೆಯನ್ನೇ ನಡೆಸಿದನು. ನಮ್ಮವನನ್ನೂ ಕನ್ಸಲ್ಟಿಂಗ್ ಸಂಸ್ಥೆಯವರು ಒಂದು ಸಂಜೆ ಪಂಚತಾರಾ ಹೋಟೆಲಿನ ಊಟಕ್ಕೆ ಕರೆದಿದ್ದರು. ಹೆಚ್ಚಿಗೆ ಹೇಳುವುದೇಕೆ?

ಇತಿಹಾಸವೂ ಈ ದಾಯಾದಿತನವನ್ನು ಸಮರ್ಥಿಸುವುದು. ಮೆಕಿನ್ಸಿ ಎಂಬ ಲೆಕ್ಕಶಾಸ್ತ್ರದ ಅಧ್ಯಾಪಕನು ಷಿಕಾಗೋ ನಗರದಲ್ಲಿ ಉಪದೇಶದ ಅಂಗಡಿಯನ್ನು ತೆರೆದದ್ದು 1926ರಲ್ಲಿ. 1933ರಲ್ಲಿ ಅಮೆರಿಕದ ಶಾಸನವೊಂದು ಠೇವಣಿಯ ಬ್ಯಾಂಕುಗಳನ್ನೂ ಷೇರುಪತ್ರಗಳ ಬ್ಯಾಂಕುಗಳನ್ನೂ ಬೇರೆ ಹಾಕಿದಾಗ, ಅಲ್ಲಿಯವರೆಗೆ ಬ್ಯಾಂಕಿನವರೇ ಹೇಳುತ್ತಿದ್ದ ಬುದ್ಧಿಯು ಈ ಅಂಗಡಿಗಳ ಪಾಲಿಗೆ ಬಂದಿತೆಂದು ವಿದ್ವಾಂಸರು ವಾದಿಸುವರು. 1970ರ ಸುಮಾರಿಗೆ ಬಾಸ್ಟನ್ನಿನ ಮತ್ತೊಂದು ಅಂಗಡಿಯವರು ಸಕಲ ವ್ಯಾಪಾರಗಳನ್ನೂ ಆಕಳು, ನಾಯಿ, ನಕ್ಷತ್ರ, ಪ್ರಶ್ನಾರ್ಥಕ ಚಿಹ್ನೆ ಎಂಬ ನಾಲ್ಕು ಮನೆಗಳಲ್ಲಿ ಕಟ್ಟಿಹಾಕಿದರು. ಈ ಸಿದ್ಧಾಂತವನ್ನು ನಾನು ಲಕ್ಷ್ಮೇಶ್ವರದ ಎತ್ತಿನ ದಲಾಲಿಯೊಬ್ಬರಿಗೆ ವಿವರಿಸಲು, ಅವರು ಬಹಳ ಹೊತ್ತು ಯೋಚಿಸಿ, "ಆಕಳಾತು, ನಾಯಿ ಆತು, ನಕ್ಷತ್ರಕ್ಕ ಮೇವು ಏನ್ ಹಾಕ್ತಾರ್ರಿ ದಿವಾನಜೀ?" ಎಂದರು.

ಪ್ರಕರಣದ ತಿರುಳು ಇರುವುದು ಹೊಣೆಯಲ್ಲಿ. 1905ರಲ್ಲಿ, ಇಲ್ಲಿಂದ ಕೂಗಳತೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಹಕಾರ ಸಂಘವು ಏಷ್ಯದಲ್ಲಿಯೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಆಗಿನ ಕಾಯಿದೆಯ ಮೇರೆಗೆ ಹಳ್ಳಿಯ ಸಂಘಗಳ ಸದಸ್ಯರ ಹೊಣೆ ಅಪರಿಮಿತ. ಸಾಲಕ್ಕೆ ಹೂಂಗುಟ್ಟಿದವನ ಮನೆಮಾರೂ ಆ ಸಾಲಕ್ಕೆ ಕಟ್ಟುಬಿದ್ದಿರುತ್ತಿತ್ತು. ಅಡತಿ ಅಂಗಡಿಯಲ್ಲಿ ಹೊಣೆ ಅಷ್ಟಿಲ್ಲ, ಆದರೂ ಇದೆ: ರೈತನು ಹೆಸರಿನ ಚೀಲವನ್ನು ಸುರಿಯುವನು, ಖರೀದಿದಾರನು ಹಿಡಿಯಷ್ಟು ಎತ್ತಿ, ಊದಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಮುಖ ಸಿಂಡರಿಸಿ ಎದ್ದುಹೋದನೆಂದರೆ ಆ ದಿನದ ದಲಾಲಿಯೂ ಅವನ ಹಿಂದೆಯೇ ಹೋಯಿತು. ಇನ್ವೆಸ್ಟ್‌ಮೆಂಟ್ ಬ್ಯಾಂಕಿನದೂ ಬಹುಮಟ್ಟಿಗೆ ಇದೇ ಧರ್ಮ. ವ್ಯವಹಾರ ಕುದುರಿದರೆ ಶುಲ್ಕ. ಕನ್ಸಲ್ಟಿಂಗಿನಲ್ಲಾದರೋ ಮಾಲು ಮಾರಲಿ ಕೊಳೆಯಲಿ, ಮಾತಿಗೆ ಬಿಲ್ಲು ಹುಟ್ಟುವುದು. ಇದನ್ನು ಕೇಳಿ ಶಿರಹಟ್ಟಿಯಲ್ಲಿರುವ ನನ್ನ ಅಕ್ಕ, ಎಂದರೆ ಹುಡುಗನ ತಾಯಿ, "ಅಲ್ಲೋ ತಮ್ಮಾ, ಕಟ್ಟಿ ಮ್ಯಾಲಿನ ಹಿರ್‍ಯಾರು ಅರ್ಧಾ ಕಪ್ ಚಾಕ್ಕ ಹೇಳೂ ಮಾತಿಗೆ ಇವ್ರು ಲಕ್ಷಗಟ್ಟಲೆ ತಗೋತಾರನ?" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆದುದರಿಂದ ಇದು ಲೋಪಸಂಧಿಯೇ ಸರಿ. ಇಲ್ಲಿ ಲೋಪವಾಗುವ ವರ್ಣವು ಹೊಣೆ.

ಪ್ರತ್ಯಕ್ಷ ಪ್ರಮಾಣವನ್ನು ಕೇಳುವವರಿಗಾಗಿ ಒಂದು ಮಾತು. ಮುಂಡರಗಿಯ ಹೊಲದಲ್ಲಿ ಬೆಳೆದ ನಮ್ಮ ಉಳ್ಳಾಗಡ್ಡಿಯನ್ನು ಯಾವಾಗ ಮಾರತಕ್ಕದ್ದೆಂದು ಕಳೆದ ಸುಗ್ಗಿಯಲ್ಲಿ ಹುಡುಗನನ್ನು ಕೇಳಿದೆನು. ಮಾವನೆಂಬ ಪ್ರೀತಿಯಿಂದ ಶುಲ್ಕವಿಲ್ಲದೆಯೇ 64 ಪುಟಗಳ ವರದಿಯನ್ನು, ಬಣ್ಣದ ಚಿತ್ರಗಳ ಸಹಿತ, ಕಳುಹಿದನು. ದರವು ಏರಿದಾಗ ಮಾರುವುದು ಶ್ರೇಯಸ್ಕರವೆಂದು ಅದರಲ್ಲಿತ್ತು. ವರದಿ ಬಂದದ್ದು ಮಂಗಳವಾರ. ಉಳ್ಳಾಗಡ್ಡಿಯನ್ನು ನಾವು ಸೋಮವಾರವೇ ಮಾರಿದ್ದೆವು.