ಹೊರಗಿನ ಫಿಟ್ಟಿಂಗು

(ಕಡೂರಿನ ಒಂದು ಬೈಕ್ ಶೋರೂಮ್. ಅಜ್ಜಂಪುರದ ಈರುಳ್ಳಿ ಬೆಳೆಗಾರರೊಬ್ಬರು ಸರ್ವೀಸಾದ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಾರೆ.)

ಗ್ರಾಹಕ: ಏನಪ್ಪಾ, ಲೆಗ್‌ಗಾರ್ಡ್ ಸೊಟ್ಟ ಆಗೈತೆ, ಫಾಗ್‌ಲೈಟ್ ಒಡೆದೈತೆ. ನಿನ್ನೆ ಬಿಡುವಾಗ ಚೆನ್ನಾಗೇ ಇತ್ತಲ್ಲ!

ಸೂಪರ್‌ವೈಸರ್: ಅದು ಕಂಪನಿ ಮಾಲಲ್ಲ ಸಾರ್. ಎಲ್ಲಿ ಹಾಕ್ಸಿದ್ರಿ?

ಗ್ರಾಹಕ: ತರೀಕೆರೇಲಿ.

ಸೂಪರ್‌ವೈಸರ್: (ಕೆಟ್ಟ ಸುದ್ದಿ ಹೇಳುವ ಡಾಕ್ಟರ ದನಿಯಲ್ಲಿ) ಹೊರಗಿನ ಫಿಟ್ಟಿಂಗು. ವಾರಂಟಿ ಬರಲ್ಲ ಸಾರ್.

ಗ್ರಾಹಕ: ವಾರಂಟಿ ಯಾರು ಕೇಳಿದ್ರು? ತಾನಾಗೇ ಕೆಟ್ಟಿದ್ರೆ ಆ ಮಾತು. ನಿಮ್ಮ ಹುಡುಗ ಗಾಡಿ ಬೀಳಿಸಿದ್ದಕ್ಕೆ?

ಸೂಪರ್‌ವೈಸರ್: ಆ ಗಾರ್ಡು ನಮ್ಮ ಲೆಕ್ಕದಲ್ಲೇ ಇಲ್ಲ.

ಗ್ರಾಹಕ: ಬಿಲ್ಲಲ್ಲಿ ಐತಲ್ಲ! ‘ಲೆಗ್‌ಗಾರ್ಡ್ ಬಿಚ್ಚಿ ಜೋಡಿಸಿದ ಕೂಲಿ, 250 ರೂಪಾಯಿ.’

(ಸೂಪರ್‌ವೈಸರ್ ಬಿಲ್ಲಿನ ಬೆನ್ನು ನೋಡುತ್ತಾರೆ. ಅಲ್ಲಿ ಸಣ್ಣಕ್ಷರದ ಷರತ್ತುಗಳು; ಅಚ್ಚು ಹಾಕಿದವನೂ ಓದಿರಲಾರ.)

ಗ್ರಾಹಕ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲಿ ಇದಕ್ಕೆ ಸೇವಾ ನ್ಯೂನತೆ ಅಂತಾರೆ. ಚಿಕ್ಕಮಗಳೂರಿನ ಜಿಲ್ಲಾ ಆಯೋಗಕ್ಕೆ ನಾನೇ ದೂರು ಬರೀಬೋದು, ವಕೀಲರೇ ಬೇಕಂತಿಲ್ಲ. 5 ಲಕ್ಷದವರೆಗೆ ಶುಲ್ಕಾನೂ ಇಲ್ಲ.

ಸೂಪರ್‌ವೈಸರ್: ಅಯ್ಯೋ, ಕೂತ್ಕೊಳ್ಳಿ ಯಜಮಾನ್ರೇ, ಟೀ ತರಿಸ್ತೀನಿ.

ಗ್ರಾಹಕ: ಟೀ ಕಂಪನೀದಾ?

ಸೂಪರ್‌ವೈಸರ್: ಹೊರಗಿಂದು. ಚೆಲ್ಲಿದ್ರೆ ನಾವು ಜವಾಬ್ದಾರರಲ್ಲ.