ಟವರ್ ಬಂತಾ, ಭಾವ?

ಆಷಾಢದ ಮಳೆ ಹಿಡಿದು ಕೂತಿತೆಂದರೆ ಮಲೆನಾಡಿನಲ್ಲಿ ಕುಶಲಪ್ರಶ್ನೆಯ ವರಸೆಯೇ ಬದಲಾಗುತ್ತದೆ. ಮನೆಮಂದಿ ಹೇಗಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ‘ನಿಮ್ಮಲ್ಲಿ ಕರೆಂಟ್ ಉಂಟಾ? ಟವರ್ ಬಂತಾ?’ ಇಷ್ಟೇ. ಹೌದು ಎಂದು ಬಾಯಿಬಿಟ್ಟವನ ಮನೆಗೆ ಸಂಜೆಯೊಳಗೆ ಚಾರ್ಜರ್ ಹಿಡಿದ ನೆಂಟರಿಷ್ಟರು ಬಂದಿಳಿಯುತ್ತಾರೆ. ಅದಕ್ಕೇ ತಿಳಿದವರು ‘ಈಗಷ್ಟೇ ಹೋಯ್ತು ಮಾರಾಯ’ ಎಂದುಬಿಡುತ್ತಾರೆ.

ನಮ್ಮ ಭಾವನವರನ್ನೇ ತೆಗೆದುಕೊಳ್ಳಿ. ಜೇಬಿನಲ್ಲಿ ಎರಡು ಫೋನು, ನಾಲ್ಕು ಸಿಮ್ಮು. ಅಮೆರಿಕದ ಮಗಳ ಮನೆಯ ಬೆಕ್ಕು ಸೀನಿದರೂ ಇವರಿಗೆ ವಿಡಿಯೊ ಬರುತ್ತದೆ. ಹೊಳೆಯಾಚೆಯ ತಮ್ಮನ ಮನೆಗೆ ನೀರು ನುಗ್ಗಿತೋ ಇಲ್ಲವೋ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಮರ ಬಿದ್ದು ಕರೆಂಟು ಹೋಗುತ್ತದೆ, ಟವರು ಒಂದಿಷ್ಟು ಹೊತ್ತು ಬ್ಯಾಟರಿಯಲ್ಲಿ ಉಸಿರಾಡುತ್ತದೆ, ಜನರೇಟರಿಗೆ ಡೀಸೆಲ್ ತರುವ ಜೀಪು ಗುಡ್ಡ ಜರಿದ ರಸ್ತೆಯ ಆಚೆಗೇ ನಿಲ್ಲುತ್ತದೆ. ಅಲ್ಲಿಗೆ ಶಿವಾಯ ನಮಃ. 2018ರ ಆಗಸ್ಟ್‌ನಲ್ಲಿ ಕೊಡಗಿನ ಹಲವು ಊರುಗಳಲ್ಲಿ ರಸ್ತೆ, ಕರೆಂಟು, ಫೋನು ಮೂರೂ ಒಟ್ಟಿಗೇ ಕೈಕೊಟ್ಟದ್ದು ಹೀಗೆ.

ಆಗ ಭಾವ ಸಿಗ್ನಲ್ ಗುಡ್ಡ ಹತ್ತುತ್ತಾರೆ. ಉಂಬಳ ಹತ್ತದಿರಲೆಂದು ಕಾಲಿಗೆ ಸುಣ್ಣ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಆಕಾಶಕ್ಕೆತ್ತಿದ ಫೋನು. ಗೇರು ಮರದ ಬುಡದಲ್ಲಿ ಎಡಕ್ಕೆ ವಾಲಿ ನಿಂತರೆ ಒಂದು ಗೆರೆ ಮೂಡುತ್ತದೆ. ‘ಹಲೋ, ಕೇಳ್ತದಾ? ಹಲೋ, ಈಗ ಕೇಳ್ತದಾ?’ ಕೇಳಿತು ಎಂದಾದ ಮೇಲೆ, ‘ಮತ್ತೆ? ಊಟ ಆಯ್ತಾ? ಎಂತ ಅಡುಗೆ?’ ಹೊಳೆ ಎಲ್ಲಿವರೆಗೆ ಬಂತು ಎಂಬ ಪ್ರಶ್ನೆ ನಾಲಿಗೆ ತುದಿಗೆ ಬರುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ. ಪಕ್ಕದಲ್ಲಿದ್ದವನು ತನ್ನ ಫೋನು ಕೊಟ್ಟರೂ ಪ್ರಯೋಜನವಿಲ್ಲ. ಒಡಹುಟ್ಟಿದ ತಮ್ಮನ ನಂಬರು ಸತ್ತ ಫೋನಿನೊಳಗಿದೆ!

ಹಿಂದೆ ಟೆಲಿಗ್ರಾಂ ಇತ್ತು. ಪದಕ್ಕಿಷ್ಟು ಎಂದು ದುಡ್ಡು ಎಣಿಸಬೇಕಾಗಿದ್ದರಿಂದ ಯಾರೂ ಅಡುಗೆ ವಿಚಾರಿಸುತ್ತಿರಲಿಲ್ಲ. ‘ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ.’ ನಾಲ್ಕೇ ಪದ. ಲಕೋಟೆ ಒಡೆಯುವ ಮೊದಲೇ ಮನೆಯಲ್ಲಿ ಅಳು ಶುರು. 2013ರ ಜುಲೈನಲ್ಲಿ ಅದು ನಿಂತಿತು, ನಮ್ಮ ಮಾತಿನ ಜಿಪುಣತನವೂ ಅದರ ಜತೆಗೇ ಹೋಯಿತು. ಹಳೆಯ ಲ್ಯಾಂಡ್‌ಲೈನ್ ಫೋನಾದರೂ ಕತ್ತಲಲ್ಲಿ ಬದುಕಿರುತ್ತಿತ್ತು. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ವಿದ್ಯುತ್ತು ತಾಮ್ರದ ತಂತಿಯಲ್ಲೇ ಮನೆವರೆಗೆ ಬರುತ್ತಿತ್ತಲ್ಲ! ಈಗ ತಂತಿ ಕಿತ್ತು, ಫೋನನ್ನು ಟಿವಿ ಪಕ್ಕ ಶೋಕೇಸಿನಲ್ಲಿ ಕೂರಿಸಿದ್ದೇವೆ.

ಎಚ್ಚರಿಸುವವರು ಇಲ್ಲವೆಂದೂ ಅಲ್ಲ. 2023ರ ಅಕ್ಟೋಬರ್ 12ರಂದು ರಾಜ್ಯದಲ್ಲಿ ಫೋನುಗಳು ಕಿಟಾರನೆ ಕಿರುಚಿದ್ದು ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಇದಕ್ಕೆ ಯಾರ ನಂಬರೂ ಬೇಡ. ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಂದೇ ಏಟಿಗೆ ಸಂದೇಶ, ಲೈನ್ ಜಾಮ್ ಆಗುವ ಪ್ರಶ್ನೆಯೇ ಇಲ್ಲ. ಭಾವ ಬೆಚ್ಚಿಬಿದ್ದು, ಅದ್ಯಾವುದೋ ವೈರಸ್ಸೆಂದು ಹುಡುಗರಿಂದ ಸೆಟ್ಟಿಂಗ್ ಬಂದ್ ಮಾಡಿಸಿದರು. ‘ಡ್ಯಾಮ್ ಒಡೆದಿದೆ, ಕೂಡಲೇ ಹತ್ತು ಗ್ರೂಪಿಗೆ ಕಳಿಸಿ’ ಎಂಬ ವಾಟ್ಸಾಪ್ ಸಂದೇಶವನ್ನು ಮಾತ್ರ ಹನ್ನೊಂದು ಗ್ರೂಪಿಗೆ ಕಳಿಸುತ್ತಾರೆ. ಒಂದು ಜಾಸ್ತಿ ಇರಲಿ ಅಂತ.

ತುರ್ತಿನಲ್ಲಿ ಹೇಗೆ ಮಾತಾಡಬೇಕೆಂದು ಹ್ಯಾಮ್ ರೇಡಿಯೊದವರನ್ನು ಕೇಳಬೇಕು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಹವ್ಯಾಸಿ ರೇಡಿಯೊ ತಂಡ ಕಟ್ಟಿಕೊಂಡು ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. 26ರಂದು ಸುನಾಮಿ ಬಡಿದು ಉಳಿದ ಸಂಪರ್ಕ ಕಡಿದಾಗ, ಅಲ್ಲಿದ್ದವರ ಕ್ಷೇಮವಾರ್ತೆ ಇತ್ತ ತಲುಪಿಸಿದ್ದು ಅವರ ಸೆಟ್ಟು. ಆ ಜಗತ್ತಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಬೇಕು, ಮುಗಿದ ಮೇಲೆ ‘ಓವರ್’ ಎನ್ನಬೇಕು, ಅಪಾಯದಲ್ಲಿರುವವರ ಸುದ್ದಿಗೆ ಮೊದಲು ದಾರಿ ಬಿಡಬೇಕು. ನಮ್ಮ ಭಾವನಿಗೆ ಮದುವೆಯಾಗಿ ಇಷ್ಟು ವರ್ಷವಾದರೂ ‘ಓವರ್’ ಹೇಳಲು ಬಂದಿಲ್ಲ.

ಹಾಗಾಗಿ ಓದುಗ ಮಹಾಶಯರೇ, ಮಳೆಗೆ ಮೊದಲೇ ಮನೆಯವರ ನಂಬರುಗಳನ್ನು ಕ್ಯಾಲೆಂಡರಿನ ಪಕ್ಕ ಗೋಡೆಗೆ ಬರೆದಿಡಿ; ಸುಣ್ಣ ಬಳಿಯುವಾಗ ಅಳಿಸಬೇಡಿ. ದೂರದೂರಿನ ಒಬ್ಬ ನೆಂಟರನ್ನು ಗೊತ್ತುಮಾಡಿ, ಎಲ್ಲರೂ ಅವರೊಬ್ಬರಿಗೇ ಸುದ್ದಿ ಮುಟ್ಟಿಸಲಿ. ಕರೆ ಹೋಗದಿದ್ದರೆ ಎಸ್ಸೆಮ್ಮೆಸ್ ಹಾಕಿ. ಅದಕ್ಕೆ ಬೇಕಾದ ಜಾಗ ಅತ್ಯಲ್ಪ, ದಾರಿ ಸಿಕ್ಕಾಗ ನುಸುಳಿ ಹೋಗುತ್ತದೆ. ಫೋನಿನಲ್ಲಿ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ಕಂಡರೆ ಹತಾಶರಾಗಬೇಡಿ. ನಿಮ್ಮ ಕಂಪನಿಯದಲ್ಲದ ಟವರೊಂದು ಹತ್ತಿರದಲ್ಲಿದೆ ಎಂದರ್ಥ, 112 ಒತ್ತಿ. ಸೆಲ್ ಹಾಕಿದ ಒಂದು ರೇಡಿಯೊವೂ ಮನೆಯಲ್ಲಿರಲಿ.

ಲೈನು ಸಿಕ್ಕಿತೋ, ಮೂರೇ ಮಾತು: ಎಲ್ಲಿದ್ದೀರಿ, ಎಷ್ಟು ಜನ, ಏನು ಬೇಕು. ಅಷ್ಟು ಹೇಳಿ ಫೋನ್ ಇಡಿ. ಎಂತ ಅಡುಗೆ ಎಂದು ಕರೆಂಟ್ ಬಂದ ಮೇಲೆ ಕೇಳಿದರಾಯಿತು.